ಹುಲ್ಲಣ್ಣ
ಹಾಸ್ಟೆಲಿನಲ್ಲಿ ನನ್ನ ಜೊತೆ ಕೋಣೆ ಹಂಚಿಕೊಂಡಿರುವ ಹುಲ್ಲಣ್ಣ ಪರಿಸರ ಮತ್ತು ಭೂನೀತಿಯ ಎಂ.ಎ. ವಿದ್ಯಾರ್ಥಿ. ಹೆಸರು ನಾವಿಟ್ಟದ್ದು, ಹುಲ್ಲಿನ ವಿಷಯ ಬಿಟ್ಟರೆ ಅವನ ಬಾಯಲ್ಲಿ ಬೇರೆ ಮಾತೇ ಇಲ್ಲ. ಅವನ ಕಾಲುಚೀಲ ಕೊಡವಿದರೆ ಹುಲ್ಲಿನ ಬೀಜ ಉದುರುತ್ತದೆ, ದಿಂಬು ಎತ್ತಿದರೆ ನಕ್ಷೆ ಸಿಗುತ್ತದೆ. ಒಮ್ಮೆ ಕ್ಷೌರದಂಗಡಿಯಲ್ಲಿ ಯಾರೋ ಊರಾಚೆಯ ಬಯಲನ್ನು ಪಾಳು ಜಮೀನು ಅಂದದ್ದಕ್ಕೆ, ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಅರ್ಧ ಕ್ಷೌರದಲ್ಲೇ ಎದ್ದು ನಿಂತಿದ್ದ. "ಪಾಳಲ್ಲ ಸ್ವಾಮಿ, ಹುಲ್ಲುಗಾವಲು! ನೂರಾಹದಿನಾಲ್ಕು ಜಾತಿ ಹುಲ್ಲಿದೆ ಅಲ್ಲಿ!" ಸರ್ಕಾರದ ಪುಸ್ತಕದಲ್ಲಿ ಪಾಳು ಎಂದಿರುವ ತನಕ ಆ ಬಯಲನ್ನು ಯಾರು ಬೇಕಾದರೂ ಕೇಳಿ ಪಡೆದು ಅಗೆಯಬಹುದು. ಆ ಒಂದು ಪದವನ್ನು ತಿದ್ದಿಸುವುದಕ್ಕೇ ಅವನ ಓದೆಲ್ಲ. ಅದಕ್ಕಾಗಿ ವಾರವಾರವೂ ಭೂದಾಖಲೆ ಕಚೇರಿಗೆ ಹೋಗುತ್ತಾನೆ, ಬೀಗ ಹಾಕುವ ತನಕ ಅಲ್ಲಿಂದ ಏಳುವುದಿಲ್ಲ. ಅರ್ಜಿ ಕೊಡುವ ದಿನ ನಾನೂ ಜೊತೆಗಿದ್ದೆ. ದಪ್ಪ ಪುಸ್ತಕದ ಪುಟಪುಟದಲ್ಲೂ ಗುಂಡಗಿನ ನೀಲಿ ಅಕ್ಷರದಲ್ಲಿ ಪಾಳು, ಪಾಳು ಎಂದಿತ್ತು. ಅವನು ಅದನ್ನು ಓದುತ್ತಿರಲಿಲ್ಲ, ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದ. "ಇನ್ನೆಷ್ಟು ನೋಡ್ತೀಯೋ, ಬಾ," ಅಂದೆ. ಗುಮಾಸ್ತರು ಅರ್ಜಿ ಓದಿ, "ಮಂಜೂರಾದ್ರೆ ಇದನ್ನೆಲ್ಲ ಕೆಂಪು ಶಾಯೀಲಿ ಹೊಡೆದುಹಾಕಿ ಹುಲ್ಲುಗಾವಲು ಅಂತ ಬರೀತೀವಿ," ಅಂದರು. ವಾದಕ್ಕೆ ಹೆಸರಾದ ಹುಲ್ಲಣ್ಣನ ದನಿ ಇಳಿದುಹೋಯಿತು. "ಬೇರೆ ಪುಸ್ತಕದಲ್ಲಿ ಬರ್ಕೊಳ್ಳಿ ಸಾರ್. ಇದರ ಮೇಲೆ ಮಾತ್ರ ಗೀಟೆಳೀಬೇಡಿ. ನಮ್ಮಮ್ಮ ಇರೋ ತನಕ ಇಲ್ಲೇ ಕೆಲಸದಲ್ಲಿದ್ರು. ಅವರ ಕೈಬರಹ ಅಂತ ಉಳಿದಿರೋದು ಇದೊಂದೇ."