ಮಗ್ಗ ನಿಂತಲ್ಲಿ ಬಿದ್ದ ಗೆರೆ

ಗಂಜಿಯ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ಬರುವುದು ಸಿಟ್ಟು, ನೆನಪು ಬರುವುದು ಆಮೇಲೆ. ವರ್ಷಕ್ಕೊಮ್ಮೆ, ಬಿಸಿಲು ಏರುವ ಹೊತ್ತಿಗೆ, ಟ್ರಂಕಿನ ತಳದಿಂದ ನಮ್ಮ ಚಿಗವ್ವನ ನೂಲಿನ ಸೀರೆಯೊಂದನ್ನು ಹೊರಗೆ ತೆಗೆದು, ತೆಳ್ಳಗೆ ಗಂಜಿ ಕಾಸಿ, ಅದ್ದಿ ಹಿಂಡಿ ಮಾಳಿಗೆಯ ಮೇಲೆ ಹರವುತ್ತೇನೆ. ಗಂಜಿ ಕುದಿಯುವಾಗ ಅಡುಗೆಮನೆ ತುಂಬುವ ಆ ಹಸಿ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ನನ್ನನ್ನು ಎತ್ತಿಕೊಂಡು ಹೋಗಿ ಬನಹಟ್ಟಿಯ ನಮ್ಮ ಹಳೆಯ ಓಣಿಯಲ್ಲಿ ಇಳಿಸುತ್ತದೆ. ಅಲ್ಲಿ ಬೆಳಗಾದರೆ ಓಣಿಯುದ್ದಕ್ಕೂ ಮಗ್ಗಕ್ಕೆ ಏರಿಸುವ ಹಾಸಿನ ನೂಲು ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಸಾಲೆಗೆ ಹೊರಟ ನಾವು ಪಾಟಿ ಚೀಲ ಎದೆಗವಚಿಕೊಂಡು ಆ ನೂಲಿನ ಕೆಳಗೆ ನುಸುಳಿ ಹೋಗಬೇಕಿತ್ತು. ತಲೆ ತಾಗಿಸಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಆ ಬೈಗುಳವೂ ಈಗ ಎಲ್ಲಿ ಕೇಳಬೇಕು ಹೇಳಿ.

ನಮ್ಮ ಮನೆಯ ಪಡಸಾಲೆಯಲ್ಲಿ ನೆಲ ತೋಡಿ ಕೂರಿಸಿದ ಕುಣಿಮಗ್ಗಗಳಿದ್ದವು. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅವನ ತಮ್ಮ, ನಮ್ಮ ಕಾಕಾ, ಕಾಲು ಇಳಿಬಿಟ್ಟು ಕೂತರೆ ಲಾಳಿಯ ಸದ್ದು ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಆ ಸದ್ದಿನೊಳಗೇ ನಾವು ಉಂಡೆವು, ಓದಿದೆವು, ಜಗಳಾಡಿದೆವು. ಮನೆಯ ಯಜಮಾನಿಕೆ ಅಪ್ಪನ ತಾಯಿಯದು. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಆಯಿ ಕುಳ್ಳಿ, ಆದರೆ ಅವಳ ದನಿ ಓಣಿಯ ಆ ತುದಿಗೆ ಮುಟ್ಟುತ್ತಿತ್ತು. ಅವ್ವ ಒಲೆಯ ಮುಂದೆ, ಕಾಕಾನ ಹೆಂಡತಿ ಚಿಗವ್ವ ರಾಟೆಯ ಮುಂದೆ. ಚಿಗವ್ವ ಮುಧೋಳದ ಹುಡುಗಿ. ಕಂಡಿಕೆಗೆ ನೂಲು ಸುತ್ತುತ್ತ ಏನಾದರೊಂದು ಹೇಳಿ ತಾನೇ ಮೊದಲು ನಗುತ್ತಿದ್ದಳು. ಅವಳ ನಗೆಗೆ ಕಾಕಾನ ಕೈ ತಪ್ಪಿ ಲಾಳಿ ನೆಲಕ್ಕೆ ಬಿದ್ದದ್ದುಂಟು. ನನ್ನ ಜಡೆ ಹೆಣೆಯುವ ಕೆಲಸ ಅವಳದೇ ಆಗಿತ್ತು. ಎಣ್ಣೆ ಹೆಚ್ಚು ಹಚ್ಚುತ್ತಾಳೆಂದು ನಾನು ದಿನವೂ ರಂಪ ಮಾಡುತ್ತಿದ್ದೆ.

ಚಿಗವ್ವ ಬಸುರಾದಳು. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಬೇಕೆನ್ನುವಷ್ಟರಲ್ಲಿ ದಿನ ತುಂಬುವ ಮೊದಲೇ ಬೇನೆ ಎದ್ದಿತು. ಅವ್ವ, ಕಾಕಾ ಅವಳನ್ನು ಬಾಡಿಗೆ ಜೀಪಿನಲ್ಲಿ ಹಾಕಿಕೊಂಡು ಜಮಖಂಡಿಗೆ ಓಡಿದರು. ಕೂಸು ಹುಟ್ಟುವಾಗಲೇ ಉಸಿರಿರಲಿಲ್ಲ. ಅಲ್ಲಿಯವರು ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಂಬಾಗಿಲಲ್ಲಿ ಕಾಕಾನ ಕೈಗೆ ಕೊಟ್ಟು, "ತಾಯಿಗೆ ತೋರಸಬ್ಯಾಡ್ರಿ, ಮನಸ್ಸಿಗೆ ಹಚ್ಕೋತಾಳ" ಎಂದರಂತೆ. ಆಗ ಎಲ್ಲ ಕಡೆ ಹಾಗೆಯೇ ಹೇಳುತ್ತಿದ್ದರು. ಕಾಕಾ ಒಬ್ಬನೇ ಹೋಗಿ ಮಣ್ಣು ಮಾಡಿ ಬಂದ. ಮನೆಗೆ ಬಂದವನು ಕೈಕಾಲು ತೊಳೆದು ಮಗ್ಗಕ್ಕೆ ಕೂತ. ನಮ್ಮ ಓಣಿಯ ಪದ್ಧತಿ ಅದು. ಮನೆಯಲ್ಲಿ ಬೇರೆ ಯಾರದೇ ಸಾವಾದರೆ ಮಗ್ಗ ನಿಲ್ಲುತ್ತಿತ್ತು, ಒಲೆ ಉರಿಯುತ್ತಿರಲಿಲ್ಲ, ಓಣಿಯವರು ರೊಟ್ಟಿಬುಟ್ಟಿ ಹೊತ್ತು ಮಾತಾಡಿಸಲು ಬರುತ್ತಿದ್ದರು. ಹೆಸರಿಡದ ಕೂಸಿಗೆ ಇದ್ಯಾವುದೂ ಇಲ್ಲ. ಲಾಳಿ ಓಡುತ್ತಲೇ ಇರಬೇಕು, ಏನೂ ಆಗಿಯೇ ಇಲ್ಲವೆಂಬಂತೆ.

ಚಿಗವ್ವ ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ತೊಟ್ಟಿಲು ಅಟ್ಟ ಸೇರಿತ್ತು. ಅವಳು ಹೊಲಿದಿಟ್ಟಿದ್ದ ಅಂಗೈಯಗಲದ ಕುಲಾಯಿ, ಪುಟ್ಟ ಕೌದಿ ಎರಡೂ ಯಾರದೋ ಮನೆಗೆ ಹೋಗಿದ್ದವು. ಅವಳ ಮುಂದೆ ಕೂಸು ಎಂಬ ಮಾತೆತ್ತಿದರೆ ನಾಲಿಗೆ ಸುಡುತ್ತೇನೆಂದು ಅವ್ವ ನಮ್ಮನ್ನೆಲ್ಲ ಹೆದರಿಸಿದಳು. ಕೂಸಿದ್ದ ಹೆಂಗಸರು ನಮ್ಮ ಮನೆಯ ಮುಂದೆ ಹಾಯುವುದನ್ನು ಬಿಟ್ಟು ಸುತ್ತು ಹಾಕಿ ಹೋಗತೊಡಗಿದರು. ಆಯಿಯೂ ಬಾಯಿ ಬಿಡಲಿಲ್ಲ. ಇವರಲ್ಲಿ ಯಾರೂ ಕೆಟ್ಟವರಲ್ಲ. ಮರೆಯಲಿ ಎಂದು ಮಾಡಿದರು, ಕನಿಕರದಿಂದಲೇ ಮಾಡಿದರು. ಆ ಕನಿಕರದ ಮೇಲೆಯೇ ನನಗೆ ಇವತ್ತಿಗೂ ಸಿಟ್ಟು. ಮನೆಮಂದಿಯೆಲ್ಲ ಸೇರಿ ಒಬ್ಬಳ ಬಾಯಿ ಕಟ್ಟಿದ್ದೆವು, ಅಷ್ಟೇ.

ಚಿಗವ್ವ ನಗುವುದನ್ನು ಬಿಟ್ಟಳು, ಆಮೇಲೆ ಉಣ್ಣುವುದನ್ನು ಬಿಟ್ಟಳು. ಗಂಟಲಲ್ಲಿ ಏನೋ ಸಿಕ್ಕಿದಂತಾಗುತ್ತದೆ, ತುತ್ತು ಇಳಿಯುವುದಿಲ್ಲ ಎನ್ನುತ್ತಿದ್ದಳು. ಬೇಸಿಗೆಯಲ್ಲೂ ಅವಳ ಅಂಗೈ ತಣ್ಣಗಿರುತ್ತಿತ್ತು. ಸುತ್ತಿದ ಕಂಡಿಕೆಯನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. ಬಳೆಗಳು ಸಡಿಲಾಗಿ ಮೊಣಕೈವರೆಗೆ ಜಾರುವಂತಾದವು. ರಬಕವಿಯಲ್ಲಿ ತೋರಿಸಿದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು. ಹೀಗೇ ಬಿಟ್ಟರೆ ಈ ಹುಡುಗಿ ಉಳಿಯುವುದಿಲ್ಲ ಎಂದು ಅವ್ವ ಹಿತ್ತಲಲ್ಲಿ ಅಪ್ಪನ ಮುಂದೆ ಅತ್ತದ್ದನ್ನು ನಾನು ಕೇಳಿದೆ. ಕೊನೆಗೆ ಆಯಿ ತಾನೇ ಎದ್ದಳು. ಕಾಕಾನನ್ನೂ ಚಿಗವ್ವನನ್ನೂ ಕರೆದುಕೊಂಡು ಜಮಖಂಡಿಯ ಡಾಕ್ಟರ ಬಳಿ ಹೊರಟಳು. ಚಿಗವ್ವ ನನ್ನ ಕೈ ಬಿಡದ್ದರಿಂದ ನಾನೂ ಬಸ್ಸು ಹತ್ತಿದೆ.

ಡಾಕ್ಟರರು ಎದೆಯ ಫೋಟೋ ತೆಗೆಸಿದರು, ರಕ್ತ ನೋಡಿದರು. ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಕಾಕಾನನ್ನು ಕೇಳಿದರು. ಕಾಕಾ ನೆಲ ನೋಡುತ್ತ ಉತ್ತರ ಕೊಟ್ಟ. ಸ್ಟೂಲಿನ ಮೇಲೆ ಕೂತಿದ್ದ ಚಿಗವ್ವನ ತಲೆಯ ಮೇಲಿಂದಲೇ ಮಾತು ಆಚೀಚೆ ಓಡಾಡಿತು. ಕೊನೆಗೆ ಡಾಕ್ಟರರು ಫೋಟೋವನ್ನು ಬೆಳಕಿಗೆ ಹಿಡಿದು, "ಏನೂ ಇಲ್ಲಪಾ ಇಕಿಗೆ. ಟಾನಿಕ್ ಕೊಡ್ತೀನಿ. ಇನ್ನೊಂದು ಕೂಸಾತಂದ್ರ ಎಲ್ಲಾ ಮರೀತಾಳ" ಎಂದರು.

ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನನಗೆ ಆಗಲೇ ಗೊತ್ತಾಯಿತು, ಇನ್ನು ಇವಳನ್ನು ಹಿಡಿಯುವವರಿಲ್ಲ ಎಂದು.

"ಏನೂ ಇಲ್ಲಂದ್ರ ಹೆಂಗ್ರಿ ಸಾಹೇಬ್ರ? ತುತ್ತು ಇಳೀವಲ್ದು, ನಿದ್ದಿ ಬರವಲ್ದು. ಇರೂದು ನಿಮ್ಮ ಫೋಟೋದಾಗ ಕಾಣವಲ್ದು ಅಂತ ಹೇಳ್ರಿ, ಒಪ್ಕೋತೀನಿ." ಹಾಗೆಂದವಳೇ ಸೊಸೆಯ ಕಡೆ ತಿರುಗಿ ಅವಳ ಗದ್ದ ಹಿಡಿದೆತ್ತಿದಳು. "ನಾವೆಲ್ಲಾ ಮಾತಾಡಿದ್ದಾತು. ನೀ ಹೇಳ ಬೇ, ನಿನಗೇನ ಬೇಕಾಗೇತಿ?"

ಅಷ್ಟು ದಿನದಲ್ಲಿ ಅವಳನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಚಿಗವ್ವ ಆಯಿಯ ಕೈ ಹಿಡಿದು, "ಅತ್ತಿ, ಅದು ಗಂಡಿತ್ತೋ ಹೆಣ್ಣಿತ್ತೋ?" ಎಂದಳು.

ಕಾಕಾ ಎದ್ದು ಹೊರಗೆ ಹೋಗಿಬಿಟ್ಟ. ಡಾಕ್ಟರರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಹೊರಗೆ ಮಂದಿ ಕಾಯುತ್ತಿದ್ದರೂ ಅವರು ಮುಂದಿನವರನ್ನು ಕರೆಯಲಿಲ್ಲ. ತಾವೇ ಒಂದು ಲೋಟ ನೀರು ತುಂಬಿ ಚಿಗವ್ವನ ಕೈಗೆ ಕೊಟ್ಟರು. ಅವಳು ಕುಡಿದು ಮುಗಿಸುವ ತನಕ ಕಾದು ಕೂತರು. ಆ ಒಂದು ಲೋಟ ನೀರಿಗಾಗಿ ನಾನು ಅವರ ಮೇಲಿನ ಸಿಟ್ಟನ್ನು ಅರ್ಧ ಬಿಟ್ಟಿದ್ದೇನೆ.

ಬಸ್ಸಿನಿಂದ ಮೊದಲು ಇಳಿದವಳು ಆಯಿ. ಮನೆ ಮುಟ್ಟಿದವಳೇ ಚಪ್ಪಲಿ ಕಳಚುವ ಮೊದಲೇ ಪಡಸಾಲೆಗೆ ಬಂದು, ನೇಯುತ್ತಿದ್ದ ಅಪ್ಪನಿಗೆ ಹೇಳಿದಳು, "ಲಾಳಿ ಕೆಳಗಿಡು."

"ಯಾಕ ಯವ್ವಾ?"

"ಮನ್ಯಾಗ ಸಾವಾಗೇತಿ."

ಅಪ್ಪನಿಗೆ ತಡವಾಗಿ ಅರ್ಥವಾಯಿತು. "ಯವ್ವಾ, ಅದಕ್ಕ ಹೆಸರ ಸೈತ ಇಟ್ಟಿರಲಿಲ್ಲ" ಎಂದ. "ಹೆಸರ ಇಟ್ಟಿಲ್ಲಂದ್ರ ಹೊಟ್ಟ್ಯಾಗ ಇರಲಿಲ್ಲೇನು?" ಎಂದಳು ಆಯಿ. ಅವ್ವ ಸದ್ದಿಲ್ಲದೆ ಒಲೆಯ ಬೆಂಕಿಗೆ ನೀರು ಹೊಡೆದಳು. ಮದುವೆಯ ಹಂಗಾಮು ಅದು. ನೂಲು ಕೊಟ್ಟ ಸಾವುಕಾರರು ಸೀರೆಗಳಿಗಾಗಿ ಬೆನ್ನು ಹತ್ತಿದ್ದರು. ಸುದ್ದಿ ಕೇಳಿದ ಓಣಿಯ ಹಿರಿಯರು ಕಟ್ಟೆಗೆ ಬಂದು ಕೂತು, ಇಂಥಾದ್ದಕ್ಕ ಮಗ್ಗ ನಿಲ್ಲಸೂ ಪದ್ಧತಿ ಇಲ್ಲವ್ವಾ ಎಂದು ಮೆಲ್ಲಗೆ ತಿಳಿಹೇಳಿದರು. ಆಯಿ ಹೊಸ್ತಿಲಲ್ಲಿ ನಿಂತು ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಹಾಗೆಯೇ ಇದೆ: "ಪದ್ಧತಿ ದೇವರೇನ ಮಾಡಿ ಕಳಿಸಿಲ್ರಿ, ನಾವ ಮಾಡ್ಕೊಂಡಿದ್ದು. ಇಲ್ಲೀತನಾ ಇರಲಿಲ್ಲ, ಇವತ್ತಿಂದ ಐತಿ ಅಂತ ತಿಳ್ಕೊರಿ."

ಆ ದಿನ ರೊಟ್ಟಿಬುಟ್ಟಿ ಹೊತ್ತು ನಮ್ಮ ಮನೆಗೆ ಯಾರೂ ಬರಲಿಲ್ಲ. ಲಾಳಿಯ ಸದ್ದಿಲ್ಲದ ಮನೆಯಲ್ಲಿ ನಾವು ಮಕ್ಕಳು ಚುರುಮುರಿ ತಿಂದು ಹೊಟ್ಟೆ ತುಂಬಿಸಿಕೊಂಡೆವು. ಮರುದಿನ ಬೆಳಿಗ್ಗೆ ಎದುರುಮನೆಯ ಅಜ್ಜಿ, ಸೊಂಟ ಬಗ್ಗಿದವಳು, ಸಜ್ಜಿ ರೊಟ್ಟಿ, ಝುಣಕದ ಬುಟ್ಟಿ ಹೊತ್ತು ಹೊಸ್ತಿಲು ದಾಟಿದಳು. ಚಿಗವ್ವನ ಪಕ್ಕ ಕೂತು ಅವಳ ಬೆನ್ನು ಸವರುತ್ತ, "ನಂದೂ ಒಂದ ಹೋಗೇತಿ ನನ್ನವ್ವ. ಹೊಟ್ಟ್ಯಾಗ ಭಾಳ ಒದೀತಿತ್ತು. ಯಾರ ಮುಂದೂ ಹೇಳಿದ್ದಿಲ್ಲ ನೋಡು" ಎಂದಳು. ಆಮೇಲೆ ಒಬ್ಬೊಬ್ಬರೇ ಬಂದರು. ಸುತ್ತು ಹಾಕಿ ಹೋಗುತ್ತಿದ್ದ ಹೆಂಗಸರೂ ಬಂದರು. ಬಂದವರಲ್ಲಿ ಎಷ್ಟೋ ಜನ ಚಿಗವ್ವನಿಗಾಗಿ ಅಳಲು ಕೂತು ತಮ್ಮದಕ್ಕಾಗಿ ಅತ್ತರು. ಚಿಗವ್ವನೂ ಮೊದಲ ಸಲ ಬಾಯಿ ತೆರೆದು ಅತ್ತಳು.

ಕಾಕಾ ಮಾತ್ರ ನಿಂತ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಇದ್ದ. ಮಂದಿ ಕರಗಿದ ಮೇಲೆ ಚಿಗವ್ವ ಹೋಗಿ ಕುಣಿಯ ಅಂಚಿಗೆ ಕೂತಳು. ನಾನು ಕಂಬಕ್ಕೆ ಆತು ನಿಂತಿದ್ದೆ, ನನ್ನನ್ನು ಯಾರೂ ಓಡಿಸಲಿಲ್ಲ. ಕಾಕಾ ಅರ್ಧ ನೇಯ್ದ ಸೀರೆಯನ್ನೇ ನೋಡುತ್ತ ಮಾತಾಡಿದ.

"ಹೆಣ್ಣಿತ್ತು. ಹಣಿ ಅಗಲಿತ್ತು, ನಿನ್ನಂಗ. ತಲಿತುಂಬ ಕೂದಲ. ಅವರ ಸುತ್ತಿಕೊಟ್ಟ ಅರಬಿ ತೆಳ್ಳಗಿತ್ತು. ನನ್ನ ಟಾವೆಲ್ ತಗದು ಮ್ಯಾಲ ಸುತ್ತಿದೆ. ಥಂಡಿ ಆದೀತಂತ."

"ಎತ್ಕೊಂಡಿದ್ದಿ ಹೌದಲ್ಲ ನೀನು?"

"ಹ್ಞೂಂ. ದಾರಿ ತುಂಬ."

ಚಿಗವ್ವ ಅವನ ಎರಡೂ ಕೈಗಳನ್ನು ತನ್ನ ಮಡಿಲಿಗೆಳೆದುಕೊಂಡು ಅಂಗೈಗಳನ್ನು ತಿರುಗಿಸಿ ನೋಡಿದಳು. ಕೂಸನ್ನು ಹಿಡಿದ ಕೈ ಅವು. ಕಾಕಾ ಬಿಕ್ಕಿ ಬಿಕ್ಕಿ ಅತ್ತ. ಸತ್ತದ್ದು ಅವನ ಕೂಸೂ ಹೌದೆಂಬುದು ಆವರೆಗೆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆ ಸಂಜೆ ಚಿಗವ್ವ ಅರ್ಧ ರೊಟ್ಟಿ ಉಂಡಳು. ಆಯಿ ಎಲ್ಲರನ್ನೂ ಕೂಡಿಸಿ ಕೂಸಿಗೆ ಗೌರವ್ವ ಎಂದು ಹೆಸರಿಟ್ಟಳು. ಗಂಟಲು ಒಂದೇ ದಿನಕ್ಕೆ ತೆರೆಯಲಿಲ್ಲ. ಮುಂದಿನ ಮಳೆಗಾಲದವರೆಗೂ ಆಗಾಗ ಕಾಡಿತು. ಆದರೆ ಹುಡುಗಿ ಉಳಿದಳು. ಮುಂದೆ ಇಬ್ಬರು ಗಂಡುಮಕ್ಕಳನ್ನು ಹೆತ್ತಳು. ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ಮೊದಲು ಗೌರವ್ವನ ಹೆಸರು ಹೇಳುತ್ತಿದ್ದಳು.

ಮತ್ತೆ ಮಗ್ಗ ಶುರುವಾದಾಗ ಕಾಕಾನ ಆ ಸೀರೆಯಲ್ಲಿ ನಿಂತ ಜಾಗಕ್ಕೆ ಸರಿಯಾಗಿ ಒಂದು ಅಡ್ಡಗೆರೆ ಬಿದ್ದಿತು. ದಿನಗಟ್ಟಲೆ ಬಿಗಿದೇ ನಿಂತ ಹಾಸು, ಒಣಗಿದ ಗಂಜಿ, ಎಷ್ಟು ಹುಷಾರಾಗಿ ನೇಯ್ದರೂ ಗೆರೆ ಬೀಳದೆ ಇರುವುದಿಲ್ಲ. ಸಾವುಕಾರರು ಬೆರಳಾಡಿಸಿ ನೋಡಿ, ಇದ ನಡ್ಯಾಂಗಿಲ್ಲ ಎಂದು ತಳ್ಳಿದರು. "ಛಲೋ ಆತು" ಎಂದು ಆಯಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಸೊಸೆಗೆ ಉಡಿಸಿದಳು. ಆಮೇಲೆ ಹಬ್ಬ ಬಂದರೆ ಚಿಗವ್ವ ಉಡುತ್ತಿದ್ದದ್ದು ಅದೇ ಸೀರೆ.

ನಾನು ಓದಿ ನರ್ಸಾದೆ. ಮುಧೋಳ, ಬೀಳಗಿ, ಜಮಖಂಡಿ, ಹಾಕಿದ ಕಡೆಗೆ ಹೋದೆ. ಹೆರಿಗೆ ಕೋಣೆಯಲ್ಲಿ ಉಸಿರಿಲ್ಲದ ಕೂಸು ಬಂದಾಗ ನನಗೂ ಅದೇ ಮಾತು ಹೇಳಿದರು, ತೋರಸಬ್ಯಾಡ್ರಿ ಸಿಸ್ಟರ್, ಮನಸ್ಸಿಗೆ ಹಚ್ಕೋತಾಳ. ಹಚ್ಚಿಕೊಳ್ಳದೆ ಏನು ಮಾಡಬೇಕು, ಕಲ್ಲೇ ಅವಳು? ನಾನು ಕೂಸಿನ ಮುಖ ಒರೆಸಿ, ತಾಯಿಯ ಕಿವಿಯ ಹತ್ತಿರ ಬಗ್ಗಿ, "ನೋಡ್ತೀಯೇನವ್ವಾ?" ಎಂದು ಕೇಳಿದೆ. ಬೇಡ ಎಂದವರಿಗೆ ಒತ್ತಾಯ ಮಾಡಲಿಲ್ಲ. ಹೂಂ ಎಂದವರ ತೋಳಿಗೆ ಕೊಟ್ಟು ಬಾಗಿಲು ಮುಚ್ಚಿ ಕಾವಲು ನಿಂತೆ. ಮೇಲಿನವರು ಕರೆದು ಗದರಿಸಿದರು. ಕೈ ಕಟ್ಟಿ ನಿಂತು ಕೇಳಿಸಿಕೊಂಡೆ, ಮರುದಿನ ಮತ್ತೆ ಅದನ್ನೇ ಮಾಡಿದೆ. "ಏನೂ ಇಲ್ಲ" ಎಂಬ ಮಾತು ನನ್ನ ಬಾಯಿಂದ ಯಾರಿಗೂ ಬರಲಿಲ್ಲ. ತಪ್ಪೆನ್ನುವವರು ಈಗಲೂ ಅನ್ನಲಿ, ನಾನು ಆಯಿಯ ಮೊಮ್ಮಗಳು.

ಆಯಿ ಹೋದಾಗ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಅಪ್ಪ, ಅವ್ವ, ಕಾಕಾ ಒಬ್ಬರ ಹಿಂದೊಬ್ಬರು ಹೋದರು. ಪಡಸಾಲೆಯ ಕುಣಿಗಳಿಗೆ ಮಣ್ಣು ತುಂಬಿ ಫರಸಿಕಲ್ಲು ಹಾಸಿದರು. ಓಣಿ ತುಂಬ ಪವರ್‌ಲೂಮಿನ ಗದ್ದಲವಾಯಿತು. ಈಗ ಆ ಮನೆಯೂ ಇಲ್ಲ. ಮನೆ ಇನ್ನೂ ಇದ್ದಾಗ, ಚಿಗವ್ವ ತೀರಿಕೊಂಡ ದಿನ ಅದರ ಬಾಗಿಲಲ್ಲಿ ನಿಂತು ನನಗೆ ಅನ್ನಿಸಿದ್ದು ಇಷ್ಟೇ, ಇವಳಿಗಾಗಿ ನಿಲ್ಲಿಸಲು ಮನೆಯಲ್ಲಿ ಒಂದು ಮಗ್ಗವೂ ಇಲ್ಲವಲ್ಲ.

ಈ ಸಲ ಗಂಜಿ ಹಾಕಿದ ಸೀರೆಯನ್ನು ಇಸ್ತ್ರಿಗೆ ಒಯ್ದೆ. ಅಂಗಡಿಯವನು ಹರವಿ, ಸೀರೆಯ ನಡುವೆ ಕೈ ತಡೆದ.

"ಅಕ್ಕಾರ, ಇಲ್ಲಿ ಅಡ್ಡಗೆರಿ ಬಿದ್ದೇತ್ರಿ. ನನ್ನ ಇಸ್ತ್ರಿಯಿಂದ ಆಗಿದ್ದಲ್ಲ ನೋಡ್ರಿ ಮತ್ತ. ನೇಯೂವಾಗಿನ ದೋಷ."

"ದೋಷ ಅಲ್ಲೋ ತಮ್ಮಾ," ಎಂದೆ. "ನನ್ನ ತಂಗಿ ಅದು. ಗೌರವ್ವ ಅಂತ."

ಅವನು ನನ್ನ ಮುಖ ನೋಡಿದ. ಇಸ್ತ್ರಿ ಎತ್ತಿ ಬದಿಗಿಟ್ಟು, ಸ್ಟೂಲು ನನ್ನ ಕಡೆ ಸರಿಸಿ, "ಕುಂದರ್ರಿ ಅಕ್ಕಾರ" ಎಂದ.