ಜನವಿಲ್ಲದ ಮಾಳಿಗೆಗಳು

ಮನುಷ್ಯರು ಇಲ್ಲವಾದರೆ ಊರು ಕೊರಗಿ ಸೊರಗುತ್ತದೆ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ನಮ್ಮೂರು ಆದವಾನಿಗೆ ಪ್ಲೇಗು ಬಂದ ವರ್ಷ ಆ ನಂಬಿಕೆ ಹೋಯಿತು.

ಇಲಿ ಸತ್ತು ಬಿತ್ತೆಂದರೆ ಊರು ಬಿಡುವುದು ನಮ್ಮಲ್ಲಿ ರೂಢಿ. ಪಾತ್ರೆ, ಹಾಸಿಗೆ, ದೇವರ ಪೆಟ್ಟಿಗೆಗಳನ್ನು ಬಂಡಿಗೆ ಹೇರಿ, ಬಾಗಿಲಿಗೆ ಬೀಗ ಜಡಿದು, ಆಲೂರು ದಾರಿಯ ಹೊಲಗಳಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಕೊಂಡೆವು. ಶಾಲೆ ಮುಚ್ಚಿದ್ದರಿಂದ ಮಾಸ್ತರನಾದ ನನಗೆ ಕೆಲಸವಿರಲಿಲ್ಲ. ದಿನವೂ ಕೋಟೆಗುಡ್ಡದ ಬಂಡೆಯೊಂದನ್ನು ಹತ್ತಿ ಕುಳಿತು, ಕೆಳಗಿನ ಊರು ನನ್ನನ್ನು ನೆನೆದು ಅಳುತ್ತಿದೆಯೇ ಎಂದು ನೋಡುತ್ತಿದ್ದೆ.

ಅಳುತ್ತಿರಲಿಲ್ಲ. ಮಾಳಿಗೆಗಳ ಮೇಲೆ ಹಸಿರು ಹುಲ್ಲು ಹುಟ್ಟಿತ್ತು. ಪೇಟೆಯ ಕಟ್ಟೆಗಳ ಮೇಲೆ ಕೋತಿಗಳು ವ್ಯಾಪಾರಿಗಳಿಗಿಂತ ಗಂಭೀರವಾಗಿ ಕುಳಿತಿದ್ದವು. ನಾವಿದ್ದಾಗ ಎಂದೂ ತಿಳಿಯಾಗದ ಗಟಾರ ತಿಳಿಯಾಗಿತ್ತು. ಅದನ್ನು ಕಂಡು ನನಗೆ ನಿಜಕ್ಕೂ ಅವಮಾನವಾಯಿತು.

ನನ್ನ ಬೆನ್ನ ಹಿಂದೆ ಹಳೆಯ ಕೋಟೆ. ಅದರ ಒಡೆಯರು ಹೋಗಿ ಎಷ್ಟು ತಲೆಮಾರಾಯಿತೋ, ಗೋಡೆಗಳು ಇನ್ನೂ ನಿಂತಿವೆ. ನಡುವೆ ಸೀತಾಫಲದ ಗಿಡಗಳು. ಕಲ್ಲಿನ ಊರಿಗೆ ಸಾಯಲು ಬೇಕಾದಷ್ಟು ಪುರುಸೊತ್ತಿದೆ. ನಮ್ಮದು ಮಣ್ಣಿನ ಊರು. ಮಾಳಿಗೆಗೆ ವರ್ಷವರ್ಷ ಸವಳು ಮಣ್ಣು ಹರವಿ, ನೀರು ಚಿಮುಕಿಸಿ, ಕಾಲಿನಿಂದ ತುಳಿಯಬೇಕು. ಆ ಉಪ್ಪು ಮಣ್ಣು ಗಟ್ಟಿಯಾಗಿ ಕುಳಿತರೆ ಮಳೆಯನ್ನು ಒಳಗೆ ಬಿಡುವುದಿಲ್ಲ. ತುಳಿಯುವುದು ತಪ್ಪಿದರೆ ಮೊದಲು ತೊಲೆ ನೆನೆಯುತ್ತದೆ, ಆಮೇಲೆ ಗೋಡೆ ಕುಸಿಯುತ್ತದೆ.

ಇದು ಆಕಾಶಕ್ಕೂ ನಮಗೂ ಇದ್ದ ಹಳೆಯ ಜಗಳ. ನಡುವೆ ಪ್ಲೇಗಿನ ಸಿಬ್ಬಂದಿ ಬಂದು, ಮನೆಯೊಳಗೆ ಬಿಸಿಲು ಬೀಳಲೆಂದು ಬೆಳಕಿಂಡಿಯಿಲ್ಲದ ಮಾಳಿಗೆಗಳಿಗೆ ತೂತು ಕೊರೆದುಹೋದರು. ಬಿಸಿಲಿಗೆ ರೋಗ ಸಾಯುತ್ತದೆ, ಒಪ್ಪಿದೆ. ಆದರೆ ಆ ತೂತಿನಿಂದ ಬಿಸಿಲು ಮಾತ್ರ ಇಳಿಯಬೇಕೆಂದು ಮೋಡಗಳಿಗೆ ಯಾರು ಆಜ್ಞೆ ಕಳಿಸಿದ್ದರು?

ಉತ್ತರೆ ಮಳೆಯ ಮೋಡ ಕಟ್ಟತೊಡಗಿತು. ನನ್ನ ನೆರೆಯ ಈರವ್ವನ ಮಾಳಿಗೆಯಲ್ಲಿ ಮೊರದಗಲದ ತೂತಿತ್ತು. ಆಕೆ ಹತ್ತಿ ಬಿಡಿಸುವ ಕೂಲಿಯಾಕೆ, ಗಂಡನಿಲ್ಲ. ಆ ಒಂದಂಕಣದ ಮನೆ ಬಿಟ್ಟರೆ ಭೂಮಿಯ ಮೇಲೆ ಆಕೆಗೆ ಬೇರೆ ನೆರಳಿಲ್ಲ. ಜೋರಾದ ಒಂದು ಮಳೆ ಸಾಕು, ಅದೂ ಇರುವುದಿಲ್ಲ. ತೂತು ಮುಚ್ಚಿ ಬರೋಣವೆಂದು ಇಬ್ಬರೂ ಊರಬಾಗಿಲಿಗೆ ಹೋದೆವು. ಕಾವಲಿನವನು ಲಾಠಿ ಅಡ್ಡ ಹಿಡಿದ.

“ಬ್ಯಾಡವ್ವಾ, ಒಳಗ ಹೋಗಬ್ಯಾಡ. ಯಾರೂ ಓಣಿಯಾಗ ಕಾಲಿಡಬಾರದಂತ ಹುಕುಂ ಐತಿ.”

ಅಷ್ಟರಲ್ಲಿ ಅವನ ಬೆನ್ನ ಹಿಂದಿನಿಂದಲೇ ಹತ್ತಿಯ ಮೂಟೆ ಹೇರಿದ ಬಂಡಿ ಹೊರಗೆ ಬಂತು. ಬಂಡಿಯ ಮೇಲೆ ಇಬ್ಬರು ಆಳು.

“ಇವರ್ಯಾರಪ್ಪ ಮತ್ತ? ದೆವ್ವಗಳೇನು?” ಎಂದಳು ಈರವ್ವ.

“ಅದು ಸಾವ್ಕಾರ್ರ ಮಾಲು. ಅದಕ್ಕ ಚೀಟಿ ಐತಿ.”

“ಹಂಗಾರ ನನ್ನ ಮಾಳಿಗಿಗೂ ಒಂದು ಚೀಟಿ ಬರಕೊಡು. ಮಳಿ ಬಂದಾಗ ತೋರಿಸ್ತೀನಿ.”

ನನಗೆ ಮೈಯುರಿಯಿತು, ಈಗಲೂ ಉರಿಯುತ್ತದೆ. ಮನುಷ್ಯರು ಮಾಯವಾಗಬೇಕಂತೆ, ಮೂಟೆಗಳು ಸುಖವಾಗಿರಬೇಕಂತೆ! ಇಲಿಗಳೇ ವಾಸಿ, ಸಾವ್ಕಾರನ ಕಣಜ, ಕೂಲಿಯ ಮನೆ ಎಂದು ಭೇದ ಮಾಡದೆ ಎಲ್ಲೆಲ್ಲೂ ಬಿದ್ದು ಸತ್ತಿದ್ದವು. ನಾನು ಇಂಗ್ಲಿಷಿನಲ್ಲಿ ಒಂದು ಖಾರವಾದ ಅರ್ಜಿ ಬರೆಯಲು ನಿಶ್ಚಯಿಸಿದೆ. ಮನಸ್ಸಿನಲ್ಲಿ ಒಕ್ಕಣೆ ಬಹಳ ಸೊಗಸಾಗಿ ಬರುತ್ತಿತ್ತು.

ಈರವ್ವ ಅಷ್ಟು ದೂರ ಹೋಗಲಿಲ್ಲ. ನಮ್ಮ ಓಣಿಯ ಕೊನೆಯ ಮನೆ ಗುಡ್ಡಕ್ಕೆ ಆತುಕೊಂಡಿದೆ. ಬಂಡೆಯಿಂದ ಅದರ ಮಾಳಿಗೆಗೆ ಕಾಲಿಟ್ಟರೆ, ಮಾಳಿಗೆಯಿಂದ ಮಾಳಿಗೆಗೆ ಓಣಿಯುದ್ದಕ್ಕೂ ನಡೆಯಬಹುದು. ಮೆಣಸಿನಕಾಯಿ ಒಣಹಾಕುವ ಹೆಂಗಸರು ಹಾಗೆಯೇ ಓಡಾಡುವುದು. ಮರುದಿನ ಆಕೆ ತಲೆಯ ಮೇಲೆ ಸವಳು ಮಣ್ಣಿನ ಬುಟ್ಟಿ ಹೊತ್ತು ನಡೆದಳು. ಕಟ್ಟಿಗೆಯನ್ನೂ ಬೇವಿನ ಸೊಪ್ಪನ್ನೂ ನೀರಿನ ಕೊಡವನ್ನೂ ಹೊತ್ತು ನಾನು ಹಿಂದೆ ನಡೆದೆ.

ಕೆಳಗೆ ಓಣಿಯಲ್ಲಿ ಕಾವಲಿನವನು ಕೂಗಿದ: “ಏ ಈರವ್ವಾ, ಇಳಿ ಕೆಳಗ!”

“ಇಳದ್ರ ಓಣಿಯಾಗ ಕಾಲಿಟ್ಟಂಗ ಆಗತೈತಲ್ಲೋ ತಮ್ಮಾ! ನಿನ್ನ ಹುಕುಂ ಮುರೀಲೇನು?”

ಅವನು ಒಮ್ಮೆ ನಮ್ಮನ್ನು ನೋಡಿದ, ಒಮ್ಮೆ ಮೋಡವನ್ನು ನೋಡಿದ. ಆಮೇಲೆ ಲಾಠಿಯನ್ನು ಕಂಕುಳಲ್ಲಿಟ್ಟುಕೊಂಡು ಓಣಿಯ ಇನ್ನೊಂದು ತುದಿಗೆ ಹೊರಟುಹೋದ.

ಈರವ್ವ ತೂತಿನ ಮೇಲೆ ಕಟ್ಟಿಗೆ ಜೋಡಿಸಿ, ಸೊಪ್ಪು ಹಾಸಿ, ಮಣ್ಣು ಸುರಿದಳು. ನಾನು ನಿಂತು ಅರ್ಜಿಯ ಒಕ್ಕಣೆಯನ್ನು ಕನ್ನಡದಲ್ಲಿ ವಿವರಿಸುತ್ತಿದ್ದೆ.

“ಮಾಸ್ತರ್ರ, ಬಾಯಿಗೆ ಕೆಲಸ ಐತಿ, ಖರೆ. ಕಾಲು ಎರಡೂ ಖಾಲಿ ಅದಾವಲ್ಲ, ತುಳೀರಿ.”

ಚಪ್ಪಲಿ ಬಿಟ್ಟು ತುಳಿದೆ.

ಅದೇ ಸಂಜೆ ಮಳೆ ಹೊಡೆಯಿತು. ಹೊಲದಲ್ಲಿ ನಮ್ಮ ಗುಡಿಸಲುಗಳೆಲ್ಲ ಜರಡಿಯಂತೆ ಸೋರಿದವು. ಈರವ್ವ ತಲೆಯ ಮೇಲೊಂದು ಗೋಣಿಚೀಲ ಹಾಕಿಕೊಂಡು, ಹಣೆಯಿಂದ ನೀರಿಳಿಸುತ್ತ, ಕತ್ತಲಾಗುತ್ತಿದ್ದ ಊರಿನ ಕಡೆಗೆ ಮುಖ ಮಾಡಿ ಕುಳಿತಿದ್ದಳು. “ಪೂರಾ ತೊಯ್ದೀಯಲ್ಲವ್ವಾ” ಎಂದೆ.

“ತೊಯ್ಲಿ ಬಿಡ್ರಿ,” ಎಂದು ಆಕೆ ನಕ್ಕಳು. “ಅಲ್ಲಿ ನನ್ನ ಮನಿ ಬೆಚ್ಚಗ ಕುಂತೈತಿ.”