ಮೂರು ವರ್ಷದ ಷರತ್ತು

ಬೀಗದವನು ಎಂದರೆ ಆ ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಬೀಗದ ಕೈ ಕಳೆದುಕೊಂಡು ಬಾಗಿಲಲ್ಲಿ ಕಕ್ಕಾಬಿಕ್ಕಿಯಾಗಿ ನಿಂತವರು ಮೊದಲು ನೆನೆಯುತ್ತಿದ್ದದ್ದು ದೇವರನ್ನಲ್ಲ, ಅವನನ್ನು. ತಾನು ಮಾತ್ರ ಆಯುಷ್ಯವನ್ನೆಲ್ಲ ಬಾಡಿಗೆ ಕೋಣೆಗಳಲ್ಲೇ ತಳ್ಳಿದ. "ಊರಿನ ಬಾಗಿಲೆಲ್ಲ ತೆಗೀತೀರಿ, ನಮ್ದು ಅಂತ ಒಂದು ಬಾಗಿಲಿಲ್ಲ" ಎಂದು ಹೆಂಡತಿ ಚುಚ್ಚುವುದನ್ನು ಕೇಳುತ್ತಲೇ ಮಗಳು ಬೆಳೆದಳು. ಅಪ್ಪ ಬೀಗದ ಕೈಗೆ ಅರ ತಿಕ್ಕುತ್ತಾ ನಗುತ್ತಿದ್ದ.

ಮನೆಯ ಯೋಗ ಕೂಡಿಬಂದದ್ದು ಮಗಳ ಮದುವೆಯಾದ ಮೇಲೆ. ಮೊದಲ ಸಲ ಮನೆ ಕೊಳ್ಳುವವರಿಗೆ ಸರಕಾರ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆಂದು ಎಲ್ಲಿಂದಲೋ ಪತ್ತೆ ಹಚ್ಚಿದವಳು ಅಮ್ಮನೇ. ನಾವು ಕಟ್ಟುವ ತೆರಿಗೆಯೇ ಚೂರುಪಾರು, ನಮಗೇನು ಸಿಗುತ್ತದೆ ಎಂದು ಅಪ್ಪ ಮೂಗು ಮುರಿದ. ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುತ್ತಾರೆ, ತೆರಿಗೆ ಅಷ್ಟಿಲ್ಲದಿದ್ದರೆ ಮಿಕ್ಕಿದ್ದನ್ನು ಕೈಗೇ ಕೊಡುತ್ತಾರೆ ಎಂದು ಅಮ್ಮ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಒಂದೇ ಷರತ್ತು: ಕೊಂಡವರು ಮೂರು ವರ್ಷ ಆ ಮನೆಯಲ್ಲೇ ವಾಸ ಮಾಡಬೇಕು. ನಡುವೆ ಬಿಟ್ಟು ಹೋದರೆ ಪಡೆದದ್ದನ್ನೆಲ್ಲ ಹಿಂತಿರುಗಿಸಬೇಕು.

"ಮೂರು ವರ್ಷ ಏನು, ನನ್ನನ್ನ ಇಲ್ಲಿಂದ ಹೊತ್ಕೊಂಡೇ ಹೋಗ್ಬೇಕು" ಎಂದಳು ಅಮ್ಮ, ಕೊಂಡ ಮನೆಗೆ ಕಾಲಿಟ್ಟ ದಿನ. ಹಾಳು ಬಾಯಿ. ವರ್ಷ ತುಂಬುವ ಮೊದಲೇ, ಅಡುಗೆಮನೆಗೆ ತಾನೇ ಆರಿಸಿದ ಹಳದಿ ಬಣ್ಣ ಇನ್ನೂ ಹೊಸದಾಗಿರುವಾಗಲೇ, ಅವಳನ್ನು ಹೊತ್ತುಕೊಂಡು ಹೋದರು.

ಅಂದಿನಿಂದ ಮಗಳಿಗೆ ಅಪ್ಪನದೇ ಚಿಂತೆ. ಅವನ ಕಣ್ಣು ಮಂಜಾಗಿತ್ತು. ಒಮ್ಮೆ ಮೆಟ್ಟಿಲ ಮೇಲೆ ಬಿದ್ದು, ಪಕ್ಕದ ಮನೆಯವರು ನೋಡುವವರೆಗೂ ಏಳಲಾಗದೆ ಅಲ್ಲೇ ಕೂತಿದ್ದ. ನಮ್ಮ ಮನೆಗೆ ಬಂದುಬಿಡು ಎಂದು ಅವಳು ಬಂದಾಗಲೆಲ್ಲ ಅಂಗಲಾಚುವಳು. ಅವನದು ಒಂದೇ ರಾಗ: ಮೂರು ವರ್ಷ ಆಗಬೇಕಲ್ಲ, ಈಗ ಬಿಟ್ಟರೆ ಸರಕಾರಕ್ಕೆ ಎಲ್ಲ ವಾಪಸು ಕಟ್ಟಬೇಕು. ದುಡ್ಡಿನ ಮುಖ ನೋಡಿ ಅಪ್ಪ ಜೀವ ಕಳೆದುಕೊಳ್ಳುತ್ತಾನೆ ಎಂದು ಅವಳಿಗೆ ರೇಗಿತು. ಆ ಹಣವನ್ನು ತಾವೇ ಕಟ್ಟಿ ಅವನನ್ನು ಕರೆತರೋಣವೆಂದು ಗಂಡನ ಜೊತೆ ಮಾತಾಡಿಕೊಂಡು, ಕೆಲಸಕ್ಕೆ ರಜೆ ಹಾಕಿ, ತೆರಿಗೆ ಕಚೇರಿಗೆ ಹೋದಳು.

ಅಲ್ಲಿನ ಗುಮಾಸ್ತೆ ಎಲ್ಲ ಕೇಳಿಸಿಕೊಂಡು ಮುಖ ಎತ್ತಿದಳು.

"ಗಂಡ ಹೆಂಡ್ತೀಲಿ ಒಬ್ಬರು ತೀರಿಕೊಂಡ್ರೆ ಆ ಷರತ್ತು ಇರಲ್ಲಮ್ಮ. ಯಾವಾಗ ಬೇಕಾದ್ರೂ ಮನೆ ಬಿಡಬಹುದು, ಏನೂ ಕಟ್ಟೋದು ಬೇಡ. ನಿಮ್ಮ ತಂದೆಗೆ ಆಗ್ಲೇ ಹೇಳಿದ್ನಲ್ಲ. ನಿಮ್ಮ ತಾಯಿ ಹೋದ ಹೊಸದರಲ್ಲೇ ಬಂದಿದ್ರು. ನನ್ನ ಮೇಜಿನ ಬೀಗ ಕಚ್ಕೊಂಡಿತ್ತು, ಅದನ್ನೂ ಸರಿ ಮಾಡ್ಕೊಟ್ಟು ಹೋದ್ರು."

ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದನಲ್ಲ ಎಂದು ಮಗಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುದಿದಳು. ಏನೇನು ಕೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಅಪ್ಪ ಬಾಗಿಲು ತೆಗೆದ. ಹಳದಿ ಗೋಡೆಯ ಪಕ್ಕ ಎರಡು ಕುರ್ಚಿ, ಒಂದರ ಮೇಲೆ ಅಮ್ಮನ ಶಾಲು, ಅವಳು ಬಿಟ್ಟುಹೋದ ಹಾಗೇ. ಬಾಗಿಲ ಪಕ್ಕದ ಮೊಳೆಗಳಲ್ಲಿ ಎರಡು ಬೀಗದ ಕೈ. ಮನೆಗೆ ಬಂದ ದಿನ ಅವನೇ ಕೂತು ಮಾಡಿದ್ದು. ಅಮ್ಮನದಕ್ಕೆ ಗುರುತಿಗೆಂದು ಕೆಂಪು ದಾರ. ಜೀವಮಾನವೆಲ್ಲ ಕಾದು ಪಡೆದ ಬಾಗಿಲು. ಅದರೊಳಗೆ ಅಮ್ಮ ಬಾಳದೆ ಹೋದ ದಿನಗಳನ್ನು ಅಪ್ಪ ಒಬ್ಬನೇ ಬಾಳುತ್ತಿದ್ದ. ಜೋಡಿಸಿಕೊಂಡ ಮಾತನ್ನೆಲ್ಲ ಮಗಳು ಬದಿಗಿಟ್ಟಳು.

"ಆ ಮೂರು ವರ್ಷ ಮುಗಿಯೋಕೆ ಇನ್ನೂ ಎಷ್ಟು ದಿನ ಇದೆಯಪ್ಪ?" ಎಂದಷ್ಟೇ ಕೇಳಿದಳು.

"ಇದೆ, ಇನ್ನೂ ಇದೆ." ಅವನು ಅವಳ ಮುಖ ನೋಡಲಿಲ್ಲ.

"ಆಯ್ತು, ಇಲ್ಲೇ ಇರು. ಅಮ್ಮನ ಬೀಗದ ಕೈ ನಂಗೆ ಕೊಟ್ಟಿರು. ನೀನು ಬಿದ್ರೆ ಒಳಗೆ ಬರೋಕೆ ಬೇಕಲ್ಲ."

ಅವನ ಕೈ ಮೊಳೆಯವರೆಗೆ ಹೋಯಿತು, ಕೆಂಪು ದಾರವನ್ನು ಮುಟ್ಟಿತು, ಹಿಂದಕ್ಕೆ ಬಂತು.

"ಇದು ಇರಲಿ," ಎಂದ. "ಅವಳ್ದು. ನಿಂಗೆ ಬೇರೆ ಮಾಡ್ಕೊಡ್ತೀನಿ."

ಕನ್ನಡಕ ಹುಡುಕಿ, ಕಿಟಕಿಯ ಬೆಳಕಿಗೆ ಕೂತು, ಅರ ಕೈಗೆತ್ತಿಕೊಂಡ. ಕಣ್ಣು ಸರಿಯಾಗಿ ಕಾಣದೆ ಬೀಗದ ಕೈಯ ಹಲ್ಲು ತಪ್ಪಿತು. ಅದನ್ನು ಎಸೆದು ಇನ್ನೊಂದು ತಗಡು ತೆಗೆದುಕೊಂಡ. ಮಗಳು ಅಮ್ಮನ ಕುರ್ಚಿಯಲ್ಲಿ ಕೂರಲಿಲ್ಲ. ನೆಲದ ಮೇಲೆ ಕೂತು, ಅವನು ಮುಗಿಸುವವರೆಗೆ ಕಾದಳು.